ಬದರಮ್ಮ ಒಳಗಿದಾರೆ

ಬಾಗಿಲಿಗೆ ಅಗಳಿ ಹಾಕಿ ಬನ್ನಿ. ಕಂಬಳಿ ಒಳಗೆ ಕಾಲು ಸೇರಿಸ್ಕೊಂಡು ಹತ್ತಿರ ಕೂತ್ಕೊಳ್ಳಿ. ನಡುವೆ ಎದ್ದು ನೀರು ಗೀರು ಅನ್ನಬೇಡಿ. ಇದು ಕಟ್ಟಿದ ಕತೆ ಅಲ್ಲ. ಸೊರಬದಲ್ಲಿದ್ದ ನನ್ನ ಸೋದರತ್ತೆ ಗುತ್ಯಮ್ಮನಿಗೆ ಆದದ್ದು.

ಹೊಸ ಪೈಸೆ ಬಂದ ಮರುವರ್ಷ ಅದು. ಕೊಯ್ಲು ಮುಗಿದಿತ್ತು. ಅತ್ತೆಯ ಗಂಡ ದೊಡ್ಡಬೀರಪ್ಪ ಕುರಿ ಹಿಂಡು ಹೊಡ್ಕೊಂಡು ತಾಳಗುಂದದ ಕಡೆ ಹೋಗಿದ್ದ. ಖಾಲಿ ಗದ್ದೆಯಲ್ಲಿ ಕುರಿ ನಿಲ್ಲಿಸಿದರೆ ಗೊಬ್ಬರದ ಆಸೆಗೆ ಗದ್ದೆಯವರು ಕಾಳು ಕೊಡೋರು. ಗಬ್ಬದ ಕುರಿ, ಎಳೆ ಮರಿ ಎಲ್ಲಾ ಮನೇಲಿ. ಅವಕ್ಕೆ ಗುತ್ಯಮ್ಮನೇ ದಿಕ್ಕು. ಹುಲ್ಲು ಹೊದಿಸಿದ ಸಣ್ಣ ಮನೆ ಅದು. ಪಕ್ಕದ್ದು ಹತ್ತಿ ಹಿಂಜೋ ಪಿಂಜಾರರ ಹೆಂಚಿನ ಮನೆ. ಎರಡಕ್ಕೂ ಮಧ್ಯೆ ಒಂದೇ ಮಣ್ಣುಗೋಡೆ.

ಆವತ್ತು ಮರಿಗಳಿಗೆ ಸೊಪ್ಪು ತರೋಕೆ ಉಳವಿ ದಾರಿಗೆ ಹೋದವಳಿಗೆ ಬರೋದು ತಡವಾಯಿತು. ತಲೆ ಮೇಲೆ ಹೊರೆ. ಆಲದ ಮರ ದಾಟಿದಳು... ಮರದಲ್ಲಿ ಒಂದು ಹಕ್ಕೀನೂ ಉಸಿರೆತ್ತಲಿಲ್ಲ. ಬಾವಿ ಹತ್ತಿರ ಬಂದಳು... ರಾಟೆ ‘ಕಿರ್ರ್’ ಅಂತು. ನೋಡಿದರೆ ಹಗ್ಗ ಅಲ್ಲಾಡ್ತಿಲ್ಲ. ಗಾಳಿ ಇರಬೇಕು ಅಂದ್ಕೊಂಡು ಬಿರಬಿರನೆ ಮನೆಗೆ ಬಂದು ಹೊರೆ ಇಳಿಸಿ, ದೀಪ ತಗೊಂಡು ಕಡ್ಡಿ ಗೀರಿದಳು.

ಅಷ್ಟರಲ್ಲಿ ಜಗಲಿಯಿಂದ ಒಂದು ದನಿ.

“ಅಮ್ಮಾ, ಪಕ್ಕದ ಮನೇಲಿ ಯಾರೂ ಇಲ್ವೇನ್ರೀ?”

ತಿರುಗಿ ನೋಡಿದರೆ ಕೋಟು ತೊಟ್ಟ ಗಂಡಸು. ಶಿಕಾರಿಪುರದ ಪಂಚಾಕ್ಷರಪ್ಪ ಅಂತ, ಬೆಂಕಿ ವಿಮೆ ಮಾಡಿಸೋ ಏಜೆಂಟು. ಗುತ್ಯಮ್ಮನ ಕೈಯಲ್ಲಿ ಕಡ್ಡಿ ಉರೀತಾ ಇತ್ತು.

ಈಗ ಕೇಳಿ. ದೀಪ ಹಚ್ಚೋ ಹೊತ್ತಲ್ಲಿ ನಮ್ಮಲ್ಲಿ ‘ಇಲ್ಲ’ ಅನ್ನೋ ಮಾತು ಆಡೋಹಾಗಿಲ್ಲ. ಉಪ್ಪು ಮುಗಿದಿದ್ದರೂ ಉಪ್ಪು ಹೆಚ್ಚಾಗಿದೆ ಅನ್ನಬೇಕು. ಗಂಡ ಊರಲ್ಲಿರದಿದ್ದರೂ ಬರ್ತಾನೆ ಅನ್ನಬೇಕು. ಹುಟ್ಟಿದಾಗಿಂದ ನಾಲಗೆಗೆ ಹಾಗೇ ಕಲಿಸಿರ್ತಾರೆ. ಗುತ್ಯಮ್ಮನ ನಾಲಗೆ ಯೋಚಿಸಲಿಲ್ಲ.

“ಇದಾರೆ,” ಅಂದಳು.

“ಯಾರಿದಾರೆ?”

“ಬದರಮ್ಮ. ಒಳಗಿದಾರೆ.”

“ಸರಿ ಬಿಡಿ. ಖಾಲಿ ಮನೆಗೆ ನಮ್ಮ ಕಂಪನಿ ವಿಮೆ ಕೊಡಲ್ಲ. ಅದಕ್ಕೇ ಕೇಳ್ದೆ. ಅತ್ತಿಗೆ ಇದಾರೆ ಅಂತ ಆಕೆ ಮೈದುನ ನಜೀರ್ ಸಾಬ್ರೂ ಅಂದಿದ್ರು.”

ಆಯಪ್ಪ ಪಕ್ಕದ ಬಾಗಿಲಿಗೆ ಬಿದ್ದಿದ್ದ ಬೀಗ ಕೂಡ ನೋಡದೆ ಕೊನೇ ಬಸ್ಸಿಗೆ ಓಡಿದ. ಕಡ್ಡಿ ಬೆರಳು ಸುಟ್ಟಾಗಲೇ ಗುತ್ಯಮ್ಮನಿಗೆ ಎಚ್ಚರ ಆದದ್ದು. ಅಯ್ಯೋ ಶಿವನೇ, ಏನಂದೆ ನಾನು... ಬದರಮ್ಮ ಸತ್ತು ಎರಡು ತಿಂಗಳಾಗಿತ್ತು.

ಬದರುನ್ನೀಸಾ ಅಂತ ಹೆಸರು. ಗಂಡ ಬಡೇಸಾಬ್ ಹತ್ತಿ ಹಿಂಜೋರು. ಗಂಡ ಹೋದ ಮೇಲೆ ಆಕೆಯೇ ಬಿಲ್ಲು ಹಿಡಿದು, ಕೊಡತಿಯಿಂದ ಹೆದೆ ಮೀಟಿ ಹತ್ತಿ ಹಿಂಜೋಳು. ಟೊಂಯ್... ಟೊಂಯ್... ಟಕ್. ಆ ಸದ್ದು ಕೇಳ್ತಾನೇ ಗುತ್ಯಮ್ಮ ನಿದ್ದೆ ಮಾಡ್ತಿದ್ದದ್ದು. ಎರಡು ಮನೇಲೂ ಸಂಜೆ ಒಂದೇ ಸಲ ದೀಪ. ಎಣ್ಣೆ ಇವಳದು, ಬತ್ತಿ ಅವಳದು. ಶಿಕಾರಿಪುರದಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದ ಮೈದುನ ನಜೀರ್ ಸಾಬ್ ಬಂದು, “ಒಬ್ಬರೇ ಯಾಕೆ ಅತ್ತಿಗೆ, ನಮ್ಮ ಜೊತೆ ಇರಿ ಬನ್ನಿ” ಅಂತ ಸವಿಯಾಗಿ ಕರ್ಕೊಂಡು ಹೋದ. ಮನೆಗೆ ಬೀಗ ಬಿತ್ತು. ಅಲ್ಲಿ ಅಂಗಡಿ ಹಿಂದಿನ ಕತ್ತಲೆ ಕೋಣೇಲಿ ಹಗಲೂ ರಾತ್ರಿ ಹತ್ತಿ ಹಿಂಜಿಸಿದ. ಹತ್ತಿ ಧೂಳು ಎದೆಗಿಳಿದು ಕೆಮ್ಮಿ ಕೆಮ್ಮಿ ಸತ್ತಳು. ಸಾಯೋತನಕ ಒಂದೇ ಮಾತಂತೆ: “ನಮ್ಮನೇಲಿ ದೀಪ ಹಚ್ಚೋರಿಲ್ಲ, ನನ್ನ ಸೊರಬಕ್ಕೆ ಬಿಡ್ರೋ.” ಬಿಡಲಿಲ್ಲ.

ಆ ರಾತ್ರಿ ಗುತ್ಯಮ್ಮ ಮರಿಗಳ ಪಕ್ಕ ಮಲಗಿದ್ದಳು. ನಿದ್ದೆ ಹತ್ತೋ ಹೊತ್ತು... ಗೋಡೆ ಆ ಕಡೆಯಿಂದ...

ಟೊಂಯ್... ಟೊಂಯ್... ಟಕ್.

ಮರಿಗಳು ಹೆದರಲಿಲ್ಲ ನೋಡಿ. ಕಿವಿ ಜೋಲು ಬಿಟ್ಟು ಸುಮ್ಮನೆ ಮಲಗಿದವು. ಹೆದರಿದ್ದು ಗುತ್ಯಮ್ಮ ಒಬ್ಬಳೇ.

ಕೆಲವು ದಿನ ಕಳೆದ ಮೇಲೆ ನಜೀರ್ ಸಾಬ್ ಬಂದ. ಜೊತೇಲಿ ಒಂದು ಗಾಡಿ ಬೂರುಗದ ಹತ್ತಿ ಮೂಟೆ. ಅದನ್ನೆಲ್ಲ ಒಳಗೆ ಹಾಕಿಸಿ, ಗುತ್ಯಮ್ಮನ ಕೈಗೆ ಮಿಠಾಯಿ ಪೊಟ್ಟಣ ಕೊಟ್ಟ.

“ನಿಮ್ಮ ಬಾಯಿಂದ ಒಳ್ಳೇ ಮಾತು ಬಂತು ಗುತ್ಯಮ್ಮ. ಏಜೆಂಟು ನನ್ನ ಮಾತು ನಂಬಿರಲಿಲ್ಲ, ನಿಮ್ಮದು ನಂಬಿದ. ವಿಮೆ ಆಯ್ತು.”

“ವಿಮೆ ಅಂದ್ರೆ ಏನು ಸಾಬ್ರೇ?”

“ಮನೆ ಸುಟ್ಟುಹೋದ್ರೆ ಕಂಪನಿಯೋರು ದುಡ್ಡು ಕೊಡ್ತಾರೆ.”

“ಮನೆ ಯಾಕ್ರೀ ಸುಡ್ತದೆ?”

ಅವನು ನಕ್ಕ. ಅಂಗಡಿ ಸೊರಗಿ ಹೋಗಿತ್ತು ಅವನದು. ಗುತ್ಯಮ್ಮ ತೆರೆದ ಬಾಗಿಲಿಂದ ಮೂಟೆಗಳ ಕಡೆ ನೋಡಿದಳು. ಎಲ್ಲಾ ಇವಳ ಮನೆ ಕಡೆಯ ಗೋಡೆಗೇ ಒರಗಿಸಿದ್ದ. ಮೂಲೇಲಿ ಸೀಮೆಎಣ್ಣೆ ಡಬ್ಬ. ಅವಳಿಗೆ ಅರ್ಥ ಆಗಿಹೋಯಿತು.

“ಸಾಬ್ರೇ... ಒಂದೇ ಗೋಡೆ,” ಅಂದಳು ಪಿಸುದನೀಲಿ. “ನನ್ನದು ಹುಲ್ಲಿನ ಮನೆ. ಗಬ್ಬದ ಕುರಿ ಅವೆ.”

“ಅಮಾವಾಸ್ಯೆ ದಿನ ಹೊರಗೆ ಕಟ್ಕೊಳ್ಳಿ.”

“ಒಳಗೆ ನಿಮ್ಮ ಅತ್ತಿಗೆ ಇದಾರೆ ಸಾಬ್ರೇ. ಆಣೆ ಮಾಡಿ ಹೇಳ್ತೀನಿ. ರಾತ್ರಿ ಬಿಲ್ಲಿನ ಸದ್ದು...”

“ಇದ್ರೆ ಬಾಡಿಗೆ ವಸೂಲಿ ಮಾಡಿಡಿ,” ಅಂತ ಮತ್ತೆ ನಕ್ಕ.

“ನಗಬೇಡಿ. ಏಜೆಂಟರ ಹತ್ತಿರ ಹೋಗಿ ಯಾರೂ ಇಲ್ಲ ಅಂತ ಹೇಳಿಬಿಡ್ತೀನಿ.”

ಆಗ ಅವನ ನಗು ನಿಂತಿತು. ಬಹುವಚನವೂ ಹೋಯಿತು. “ಹೇಳು ಹೋಗು. ಇದಾರೆ ಅಂದೋಳು ಯಾರು? ನೀನು. ಮೊದಲು ಬೇಡಿ ಬೀಳೋದು ನಿನ್ನ ಕೈಗೆ.”

ಓದು ಬರಹ ಬಾರದ ಹೆಂಗಸು. ಬೇಡಿ ಅಂದಕೂಡಲೇ ಏಜೆಂಟರ ಹತ್ತಿರ ಹೋಗೋದನ್ನ ಬಿಟ್ಟಳು. ತಾಳಗುಂದದ ಕಡೆ ಹೊರಟವರ ಹತ್ತಿರ ಗಂಡನಿಗೆ ಹೇಳಿಕಳಿಸಿದಳು. ಹಿಂಡು ಬಿಟ್ಟು ಬರೋಕಾಗಲ್ಲ, ಹೆಂಗಸರಿಗೆಲ್ಲಾ ಇದೇ ಭಯ ಅಂತ ಅವನು ತಿರುಗಿ ಹೇಳಿಕಳಿಸಿದ.

ಅಮಾವಾಸ್ಯೆ ಬಂತು. ಗುತ್ಯಮ್ಮ ಮರಿಗಳನ್ನೆಲ್ಲ ಬಾವಿಕಟ್ಟೆ ಹತ್ತಿರ ಸಾಗಿಸಿದಳು. ಗಬ್ಬದ ಕುರಿಗಳು ಕತ್ತಲಲ್ಲಿ ಹೊಸಲು ದಾಟಲಿಲ್ಲ. ಎಳೆದಳು, ಬೈದಳು, ಅತ್ತಳು... ಒಲ್ಲೆ ಅಂತ ನಿಂತವು. ಅವುಗಳ ಜೊತೆ ಕುಸಿದು ಕೂತಳು, ಬೆನ್ನು ಆ ಗೋಡೆಗೇ ಒರಗಿಸಿ.

ಬೀಗ ‘ಕಟಕ್’ ಅಂತು.

ಹೆಜ್ಜೆ... ಡಬ್ಬದ ಮುಚ್ಚಳ ‘ಪಟ್’ ಅಂತು. ಆಮೇಲೆ ಗಳ, ಗಳ, ಗಳ... ಸೀಮೆಎಣ್ಣೆ ವಾಸನೆ ಗೋಡೆ ಸಂದಿಯಿಂದ ಮೂಗಿಗೆ ಬಡೀತು. ಕಡ್ಡಿ ‘ಚರ್ರ್’ ಅಂತ ಹತ್ತಿತು. ಚಿಂದಿ ಹೊತ್ಕೊಂಡ ಸದ್ದು, ಬುಸ್ಸ್...

ಟೊಂಯ್...

ಹೆಜ್ಜೆ ನಿಂತಿತು.

ಟೊಂಯ್... ಟಕ್.

“ಯಾ... ಯಾರು?” ಅಂದ ನಜೀರ್ ಸಾಬ್.

ಗೋಡೆ ಆ ಕಡೆ ಯಾರೋ ಕೆಮ್ಮಿದರು. ಒಣಕೆಮ್ಮು. ಗುತ್ಯಮ್ಮನಿಗೆ ಗುರುತಿಲ್ಲದ ಕೆಮ್ಮಲ್ಲ ಅದು. ಆಮೇಲೆ ಮೆತ್ತಗೆ, ಬೈಯೋ ದನಿ ಅಲ್ಲ, ಮನೆ ಹೆಂಗಸು ಮಾತಾಡೋ ದನಿ:

“ದೀಪ ತಂದ್ಯಾ, ನಜೀರೂ?”

ಎಂಥಾ ಕೂಗು ಕೂಗಿದ ಗೊತ್ತಾ ಅವನು! ಬಾಗಿಲು ಹಾರಿ ಬೀದಿಗೆ ಬಿದ್ದು ಓಡಿದ. ಕೈಯಲ್ಲಿ ಉರೀತಿದ್ದ, ಚಿಂದಿ ಸುತ್ತಿದ ಕೋಲನ್ನ ಎಲ್ಲಿಗೆ ಎಸೆದೆ ಅಂತ ಅವನಿಗೂ ತಿಳೀಲಿಲ್ಲ. ಅದು ಬಿದ್ದದ್ದು ಗುತ್ಯಮ್ಮನ ಹುಲ್ಲಿನ ಸೂರಿನ ಮೇಲೆ.

ಊರೆಲ್ಲ ಕೊಡ ಹಿಡಿದು ಬಂತು. ಬಾವಿ ರಾಟೆ ಬೆಳತನಕ ನಿಲ್ಲಲಿಲ್ಲ. ಗುತ್ಯಮ್ಮನನ್ನ ಎಳೆದು ಹಾಕಿದರು, ಕುರಿಗಳನ್ನ ಆಗಲಿಲ್ಲ. ಬೆಳಗಾದಾಗ ಅವಳ ಮನೆ ಇದ್ದ ಕಡೆ ಕರಿ ಗೋಡೆ, ಬೂದಿ, ಸುಟ್ಟ ಉಣ್ಣೆ ನಾತ. ಪಿಂಜಾರರ ಮನೆಗೆ ಒಂದು ಕಿಡಿ ತಾಗಿರಲಿಲ್ಲ. ಜನ ಒಳಗೆ ಹೋಗಿ ನೋಡಿದರು. ಮೂಟೆಗಳೆಲ್ಲ ಬಿಚ್ಚಿ, ಅಷ್ಟೂ ಹತ್ತಿ ಹಿಂಜಿ, ಅಟ್ಟದ ಮಟ್ಟಕ್ಕೆ ಮಲ್ಲಿಗೆ ಸುರಿದ ಹಾಗೆ ಒಟ್ಟಿತ್ತು. ಸೀಮೆಎಣ್ಣೆ ವಾಸನೆ ಎಳ್ಳಷ್ಟೂ ಇರಲಿಲ್ಲ.

ಪಂಚಾಕ್ಷರಪ್ಪ ಬಂದು ಎರಡೂ ಕಡೆ ನೋಡಿದ. “ವಿಮೆ ಇರೋ ಮನೆಗೆ ಏನೂ ಆಗಿಲ್ಲ,” ಅಂದ. ಗುತ್ಯಮ್ಮ ಬೂದಿ ತೋರಿಸಿದಳು. “ನಿಮ್ಮದಕ್ಕೆ ವಿಮೆ ಮಾಡಿಸಿಲ್ವಲ್ಲ ತಾಯಿ,” ಅಂದ. ತಪ್ಪೇನಿಲ್ಲ, ಇದ್ದದ್ದನ್ನೇ ಅಂದ.

ಹದಿನೈದು ದಿನಕ್ಕೆ ನಜೀರ್ ಸಾಬ್ ಬಸ್ಸಿನ ಕಂಡಕ್ಟರ ಕೈಲಿ ಬೀಗದ ಕೈ ಕಳಿಸಿದ. “ಆ ಮನೇಲಿ ನೀವೇ ಇರಿ, ಬಾಡಿಗೆ ಬೇಡ, ಸಂಜೆ ದೀಪ ಮಾತ್ರ ತಪ್ಪಿಸಬೇಡಿ” ಅಂತ. ಇರೋಕೆ ಸೂರಿಲ್ಲದವಳು ಬೇಡ ಅನ್ನೋದು ಹೇಗೆ? ಹೋದಳು.

ನಜೀರ್ ಸಾಬ್ ಹಾಸಿಗೆ ಅಂಗಡಿ ಮಾರಿದ. ಹತ್ತಿ ಹಾಸಿಗೆ ಮೇಲೆ ಬೆನ್ನು ಇಡೋಕೇ ಆಗದೆ, ಬರೀ ನೆಲದ ಮೇಲೆ ಮಲಗಿ ಮಲಗಿ, ಒಂದು ಚಳಿಗಾಲ ಕೆಮ್ಮು ಹತ್ತಿ ಸತ್ತ. ಪಂಚಾಕ್ಷರಪ್ಪ ಮುದುಕನಾಗೋತನಕ ವಿಮೆ ಮಾಡಿಸ್ತಾನೇ ಇದ್ದ. ದೀಪದ ಹೊತ್ತಲ್ಲಿ ಮಾತ್ರ ಯಾರ ಮನೆ ಬಾಗಿಲಲ್ಲೂ ನಿಲ್ಲಲಿಲ್ಲವಂತೆ. ದೊಡ್ಡಬೀರಪ್ಪ ಹಿಂಡಿನ ಜೊತೆ ಬಂದು ಬೂದಿ ನೋಡಿದ. ಹೆಂಡತಿ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದ್ದೇ ಅವನನ್ನ ತಿಂತು. ಕುರಿ ಮಾರಿ, ಕಂಡವರ ಕುರಿ ಕಾಯ್ಕೊಂಡು ಹಾಗೇ ತೀರಿಹೋದ. ಗುತ್ಯಮ್ಮ ಸಾಯೋತನಕ ಅಲ್ಲೇ ಇದ್ದಳು. ಒಂದು ದಿನಾನೂ ನಮ್ಮನೆ ಅನ್ನಲಿಲ್ಲ, ಬದರಮ್ಮನ ಮನೆ ಅನ್ನೋಳು. ದೀಪದ ಹೊತ್ತಲ್ಲಿ ಏನು ಕೇಳಿದರೂ ಅತ್ತೆ ಬಾಯಿ ಬಿಡ್ತಿರಲಿಲ್ಲ. ಇದೆ ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ.

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ನಾನು ಮದುವೆಗೆ ಮುಂಚೆ ಅಲ್ಲಿ ಹೋಗಿ ತಿಂಗಳುಗಟ್ಟಲೆ ಇದ್ದೋಳು. ಅತ್ತೆ ಬತ್ತಿ ಹೊಸೆದದ್ದು ನಾನು ಕಂಡಿಲ್ಲ. ಸಂಜೆ ಗೋಡೆ ಗೂಡಿಗೆ ಕೈ ಹಾಕೋಳು, ಹೊಸ ಬತ್ತಿ ತೆಗೆದು ದೀಪಕ್ಕೆ ಇಡೋಳು. ಅವಳು ಸತ್ತ ದಿನ ದೀಪ ಹಚ್ಚೋ ಪಾಳಿ ನನಗೆ ಬಂತು. ನಾನೂ ಗೂಡಿಗೆ ಕೈ ಹಾಕಿದೆ.

ಇತ್ತು.