ಖಾಲಿ ಚೀಟಿಗೆ ಬೀಳದ ಸಹಿ

ಈ ಶ್ರದ್ಧಾಂಜಲಿ ಸಭೆಗೆ ಕೆಲಸ ಬಿಟ್ಟು ಬಂದಿರುವ ಹೈನುಗಾರ ಬಂಧುಗಳಿಗೆ, ಮುಂದಿನ ಸಾಲಿನಲ್ಲಿರುವ ಡಾಕ್ಟರ ಶ್ರೀಮತಿಯವರಿಗೆ, ಅವರ ಮಗಳಿಗೆ ನಮಸ್ಕಾರ.

ನಾನು ಮೇವು, ದನದ ಔಷಧಿ ಮಾರುವವನು. ಲೆಕ್ಕ ಒಪ್ಪಿಸದೆ ನನಗೆ ಮಾತು ಹೊರಡುವುದಿಲ್ಲ. ಹಾಗಾಗಿ ಮೊದಲು ಖರ್ಚು. ಡಾಕ್ಟರು ನಮ್ಮಲ್ಲಿದ್ದದ್ದು ಹದಿನಾಲ್ಕು ತಿಂಗಳು. ನೂರಾ ಎಂಬತ್ತು ಕೊಟ್ಟಿಗೆಗೆ ಒಬ್ಬರೇ ಪಶುವೈದ್ಯರು. ಇನ್ನೊಬ್ಬರನ್ನು ಕೊಡಿ ಎಂದು ಅವರು ಬರೆದ ಪತ್ರ ಒಂಬತ್ತು. ಸತ್ತ ಹಸು ಐದು, ಕರು ಒಂದು. ಕೊನೆಗೆ — ಐವತ್ತೆರಡು ವರ್ಷದ ಒಬ್ಬ ಮನುಷ್ಯ. ಕೊಟ್ಟಿಗೆಯ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದವರು ಅಲ್ಲೇ ಕುಸಿದರು.

ನಿಯಮ ನಿಮಗೆ ಗೊತ್ತು. ಆಂಟಿಬಯೋಟಿಕ್ ಬೇಕಾದರೆ ವೈದ್ಯರು ದನವನ್ನು ಕಣ್ಣಾರೆ ನೋಡಿ ಚೀಟಿ ಬರೆಯಬೇಕು. ನಿಯಮ ಸರಿಯೇ. ಕೆಮ್ಮಿದರೂ ಸೂಜಿ, ಕುಂಟಿದರೂ ಸೂಜಿ ಎಂದು ಚುಚ್ಚಿ ಚುಚ್ಚಿ, ಕೆಚ್ಚಲುಬಾವಿಗೆ ಯಾವ ಔಷಧಿಯೂ ನಾಟದ ಹಾಗೆ ಮಾಡಿದವರು ನೀವು. ಮಾರಿದವನು ನಾನು. ಆದರೆ ನಿಯಮ ಬರೆದ ಮಹನೀಯರು, ನೋಡುವ ಕಣ್ಣು ಎಷ್ಟು ಜೊತೆ ಇವೆ ಎಂದು ಎಣಿಸಲಿಲ್ಲ.

ಹಿಂದಿನ ಡಾಕ್ಟರು ತಿಂಗಳ ಮೊದಲ ದಿನ ಬಂದು, ಚೀಟಿ ಪುಸ್ತಕಕ್ಕೆ ಪೂರ್ತಿ ಸಹಿ ಹಾಕಿ ನನ್ನ ಅಂಗಡಿಯಲ್ಲಿ ನೇತುಹಾಕಿ ಹೋಗುತ್ತಿದ್ದರು. ರೋಗ, ಔಷಧಿ — ಎಲ್ಲ ನಾನೇ ತುಂಬುತ್ತಿದ್ದೆ. ಇವರು ಬಂದ ದಿನ ಒಂದು ಖಾಲಿ ಚೀಟಿ ತೋರಿಸಿ ಕೇಳಿದರು, "ಯಜಮಾನ್ರೇ, ಈ ಹಸು ಎಲ್ಲಿದೆ?"

"ಅದಿನ್ನೂ ಕಾಯಿಲೆ ಬಿದ್ದಿಲ್ಲ ಸರ್," ಅಂದೆ.

ನಕ್ಕರು. ನಗುತ್ತಲೇ ಪುಸ್ತಕ ಹರಿದು ಹಾಕಿದರು.

ಅವತ್ತಿನಿಂದ ಅವರು ಓಡಿದರು, ನಾವು ಬೈದೆವು. "ಇವನ ಸಹಿ ಏನು ಚಿನ್ನದ್ದಾ?" — ಹಾಗೆಂದವರು ಮೂರನೇ ಸಾಲಿನಲ್ಲಿದ್ದೀರಿ. ತಲೆ ತಗ್ಗಿಸಬೇಡಿ, ನೀವೊಬ್ಬರೇ ಅಲ್ಲ. ಐದನೇ ಹಸು ಸತ್ತಾಗ ದೂರು ಕೊಟ್ಟೆವು — ಕರ್ತವ್ಯಲೋಪ ಅಂತ. ಅವರು ತಡವಾಗಿ ಬಂದದ್ದು ನಿಜ. ಇನ್ನೊಂದು ಕೊಟ್ಟಿಗೆಯಲ್ಲಿ ಹೊಟ್ಟೆಯೊಳಗೆ ಅಡ್ಡ ತಿರುಗಿದ ಕರುವನ್ನು ಎಳೆಯುತ್ತಿದ್ದರು. ಅದು ನಮಗೆ ಗೊತ್ತಿತ್ತು. ಗೊತ್ತಿದ್ದೂ ಬರೆದವನು ನಾನು. ಓದದೆ ಸಹಿ ಹಾಕಿದವರು ನೀವು ಅರವತ್ತೆರಡು ಮಂದಿ. ದನ ನೋಡದೆ ಆ ಮನುಷ್ಯ ಒಂದೇ ಒಂದು ಸಹಿ ಹಾಕಲಿಲ್ಲ.

ಆ ವಿಚಾರಣೆ ಇನ್ನೂ ಮುಗಿದಿಲ್ಲ. ಮುಗಿಯುವವರೆಗೆ ಈ ತಾಯಿಗೆ ಪಿಂಚಣಿ ಇಲ್ಲ. ನಿನ್ನೆ ಪಶು ಇಲಾಖೆಯ ಕಚೇರಿಗೆ ಹೋಗಿದ್ದೆ.

"ದೂರು ಕೊಟ್ಟೋರೆಲ್ಲ ವಾಪಸ್ ತಗೊಂಡ್ರೆ ಫೈಲ್ ಮುಚ್ತೀವಿ," ಅಂದ ಗುಮಾಸ್ತ.

"ಮತ್ತೆ ಎರಡನೇ ಡಾಕ್ಟರು?"

"ಮೊದಲನೆಯವರೇ ಇಲ್ವಲ್ಲ ಸ್ವಾಮಿ, ಎರಡನೆಯವರು ಹೇಗಾಗ್ತಾರೆ?"

ವಾಪಸಾತಿ ಪತ್ರ ಈ ಮೇಜಿನ ಮೇಲಿದೆ. ನನ್ನ ಸಹಿ ಆಗಿದೆ. ಬಾಗಿಲು ದಾಟುವ ಮೊದಲು ನಿಮ್ಮದೂ ಆಗಲಿ. ಈ ಸಲ ಓದಿ ಹಾಕಿ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ ಬಾಯಿ ಮುಚ್ಚಿಕೊಂಡಿರೋಣ. ಯಾರಿಗೆ ಏನು ದಕ್ಕಿತು ಎಂದು ಯೋಚಿಸೋಣ. ಕಚೇರಿಗೆ, ಒಂದು ಸಂಬಳದ ಉಳಿತಾಯ. ನಮಗೆ, ಬೈಯಲು ಹದಿನಾಲ್ಕು ತಿಂಗಳು ಒಬ್ಬ ಮನುಷ್ಯ. ಡಾಕ್ಟರ ಮನೆಗೆ, ಕೊಟ್ಟಿಗೆಯಿಂದ ವಾಪಸು ಬಂದ ಒಂದು ಜೊತೆ ಬೂಟು.