ಕಾಲಂನಲ್ಲಿ ಹಿಡಿಸದ ‘ಇನ್ನೂ’

ಹೇಳಿಕೆ ಕೊಡುತ್ತಿರುವವರು: ಏಳನೇ ತರಗತಿ ‘ಬಿ’ ವಿಭಾಗದ ತರಗತಿ ಶಿಕ್ಷಕಿ. ವಯಸ್ಸು ನಲವತ್ತೇಳು. ವೃತ್ತಿ: ಇಪ್ಪತ್ತೆರಡು ವರ್ಷಗಳಿಂದ ಭಾಷಾ ಬೋಧನೆ. ವಾಸ: ಶಾಲೆಯ ಹಿಂದಿನ ಬೀದಿ, ಟೈಲರ್ ಅಂಗಡಿಯ ಮೇಲಿನ ಮನೆ. ನಿನ್ನೆ ಮಂಗಳವಾರ ಬೆಳಗ್ಗೆಯಿಂದ ಕಾಣೆಯಾಗಿರುವ ನನ್ನ ತರಗತಿಯ ವಿದ್ಯಾರ್ಥಿನಿಯ ಬಗ್ಗೆ ಠಾಣೆಯವರು ಕರೆಸಿ ವಿಚಾರಿಸಿದ್ದರಿಂದ, ಯಾರ ಒತ್ತಾಯವೂ ಇಲ್ಲದೆ ಈ ಮೂಲಕ ತಿಳಿಸುವುದೇನೆಂದರೆ:

ಸದರಿ ಬಾಲಕಿಗೆ ಹನ್ನೆರಡು ವರ್ಷ. ಎತ್ತರ ನಾಲ್ಕು ಅಡಿ ಮೂರು ಇಂಚು, ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು. ತಂದೆ ಲಾರಿ ಚಾಲಕರು. ತಾಯಿ ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾರೆ. ಹುಡುಗಿ ಮೂಕಿ ಅಲ್ಲ. ಮನೆಯಲ್ಲಿ ತಾಯಿಯ ಜೊತೆ ಮಾತನಾಡುತ್ತಾಳೆ, ಶಾಲೆಯಲ್ಲಿ ಪಕ್ಕದವಳ ಕಿವಿಯಲ್ಲಿ ಮಾತನಾಡುತ್ತಾಳೆ. ದೊಡ್ಡವರು ಎದುರಿಗೆ ನಿಂತು ಗಟ್ಟಿಯಾಗಿ ಕೇಳಿದರೆ ಬಾಯಿ ತೆರೆಯುತ್ತಾಳೆ, ದನಿ ಹೊರಡುವುದಿಲ್ಲ. ಗೋಡೆಗೆ ಅಂಟಿಕೊಂಡೇ ನಡೆಯುವುದರಿಂದ ಮಕ್ಕಳು ಅವಳಿಗೆ ‘ಇರುವೆ’ ಎಂದು ಹೆಸರಿಟ್ಟಿದ್ದಾರೆ. ನಾನು ಗದರಿಸಿ ಬಿಡಿಸಲು ನೋಡಿದೆ. ಆಮೇಲೆ ‘ನಾನು’ ಎಂಬ ವಿಷಯದ ಮೇಲೆ ಪ್ರಬಂಧ ಬರೆಸಿದಾಗ ಅವಳೇ ಬರೆದಳು: “ನನ್ನ ಅಡ್ಡಹೆಸರು ಇರುವೆ. ನನಗೆ ಅದು ಇಷ್ಟ. ಇದ್ದೀಯಾ ಎಂದು ಯಾರಾದರೂ ಕೇಳಿದರೆ ಹೆಸರು ಹೇಳಿದರೆ ಸಾಕು.” ಇದು ಹೇಳಿಕೆಗೆ ಅಗತ್ಯವೇ ಎಂದು ಬರೆದುಕೊಳ್ಳುತ್ತಿದ್ದ ಪೇದೆಯವರು ಕೇಳಿದರು. ಅಗತ್ಯ ಎಂದೆ.

ಈ ವರ್ಷದಿಂದ ನಮ್ಮ ಶಾಲೆಯಲ್ಲಿ ಅಂಕ, ರ‍್ಯಾಂಕು, ಪಾಸು, ಫೇಲು ಎಲ್ಲ ತೆಗೆದಿದ್ದಾರೆ. ಅದರ ಬದಲು ಕಲಿಕಾ ಫಲಗಳ ಪ್ರಗತಿ ಪತ್ರ. ಮಗುವಿಗೆ ಏನೇನು ಮಾಡಲು ಬರಬೇಕು ಎಂಬುದನ್ನು ಸಾಲು ಸಾಲಾಗಿ ಬರೆದು, ಪ್ರತಿ ಸಾಲಿನ ಎದುರು ಮೂರರಲ್ಲಿ ಒಂದು ಮಾತು ಹಾಕಬೇಕು: ಸಾಧಿಸಿದೆ, ಪ್ರಯತ್ನದಲ್ಲಿದೆ, ಇನ್ನೂ ಕಂಡುಬಂದಿಲ್ಲ. ತರಬೇತಿಗೆ ಬಂದವರು ಮೂರನೆಯ ಮಾತಿನ ಮೇಲೆಯೇ ಅರ್ಧ ದಿನ ಕಳೆದರು. ಮಗುವಿಗೆ ಬರುವುದಿಲ್ಲ ಎಂದು ತೀರ್ಪು ಕೊಡಬೇಡಿ, ನಮ್ಮ ಕಣ್ಣಿಗೆ ಇನ್ನೂ ಬಿದ್ದಿಲ್ಲ ಎನ್ನಿ, ಕೊರತೆ ನೋಡುವವರ ಕಣ್ಣಿನದೂ ಇರಬಹುದು ಎಂದರು. ಈ ಪದ್ಧತಿಯ ಜೀವವೆಲ್ಲ ‘ಇನ್ನೂ’ ಎಂಬ ಪದದಲ್ಲಿದೆ ಎಂದರು. ನನಗೆ ಅದು ತುಂಬಾ ಹಿಡಿಸಿತು. ಅಷ್ಟು ವರ್ಷ ಕೆಂಪು ಶಾಯಿಯಲ್ಲಿ ಮಕ್ಕಳ ಹಣೆಬರಹ ಬರೆದು ನನಗೂ ಸಾಕಾಗಿತ್ತು.

ಕಳೆದ ವಾರ ಪತ್ರಗಳು ಅಚ್ಚಾಗಿ ಬಂದವು. ಎಲ್ಲದರಲ್ಲೂ ‘ಕಂಡುಬಂದಿಲ್ಲ’ ಎಂದಷ್ಟೇ ಇತ್ತು. ಕಚೇರಿಗೆ ಹೋಗಿ ಕೇಳಿದಾಗ ಗುಮಾಸ್ತರು ಕಂಪ್ಯೂಟರಿನಲ್ಲಿ ತೆರೆದು ತೋರಿಸಿದರು. ಕಾಲಂ ಕಿರಿದು. ‘ಇನ್ನೂ’ ಸೇರಿಸಿದರೆ ಅಕ್ಷರ ಕೆಳಗಿನ ಸಾಲಿಗೆ ಬಿದ್ದು, ಒಂದು ಹಾಳೆಯ ಪತ್ರ ಎರಡು ಹಾಳೆಯಾಗುತ್ತದೆ. ಅವರು ಆಡಿದ ಮಾತು ಹೀಗಿದೆ: “ಒಂದು ಪದ ತಾನೇ ಮೇಡಂ, ಸಭೇಲಿ ನೀವೇ ಬಾಯಲ್ಲಿ ಹೇಳ್ಬಿಡಿ. ಅರ್ಥ ಏನೂ ಬದಲಾಗಲ್ಲ.” ಹಾಗಾದರೆ ಪೆನ್ನಿನಲ್ಲಿ ನಾನೇ ಬರೆಯುತ್ತೇನೆ ಎಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಂಡೆ. ಅಚ್ಚಿನ ಪತ್ರದ ಮೇಲೆ ಕೈಬರಹ ಬಿದ್ದರೆ ತಿದ್ದಿದ ಹಾಗೆ ಕಾಣುತ್ತದೆ, ತಪಾಸಣೆಗೆ ಬಂದವರಿಗೆ ಉತ್ತರ ಕೊಡುವವರು ಯಾರು, ಹಿಂಬದಿಯಲ್ಲಿ ವಿವರಣೆ ಇದ್ದೇ ಇದೆಯಲ್ಲ ಎಂದರು. ಇತ್ತು, ಭೂತಗನ್ನಡಿ ಹಿಡಿದು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ. ಮಾತು ಮನೆ ಕೆಡಿಸಿತು ಎಂಬ ಗಾದೆಯನ್ನು ಮಕ್ಕಳಿಂದ ಎಷ್ಟು ಸಲ ವಿಸ್ತರಿಸಿ ಬರೆಸಿದ್ದೇನೋ ಲೆಕ್ಕವಿಲ್ಲ. ಬಿಟ್ಟುಹೋದ ಮಾತೂ ಮನೆ ಕೆಡಿಸುತ್ತದೆ ಎಂದು ನನಗೆ ತಿಳಿದಿರಲಿಲ್ಲ.

ಶನಿವಾರ ಬೆಳಗ್ಗೆ ಹತ್ತಕ್ಕೆ ಪೋಷಕರ ಸಭೆ ನಡೆಯಿತು. ಮೂವತ್ತಾರು ಮಕ್ಕಳಲ್ಲಿ ಇಪ್ಪತ್ತೊಂದು ಮನೆಯವರು ಬಂದಿದ್ದರು. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಹಿಡಿಸದೆ ಅರ್ಧ ಜನ ಅಡ್ಡ ತಿರುಗಿ ಕೂತಿದ್ದರು. ಕಲಿಕಾ ಫಲ ಎಂದ ತಕ್ಷಣ ಕಿರಾಣಿ ಅಂಗಡಿಯವರು, “ಫಲ ಅಂದ್ರೆ ಹಣ್ಣಾ ಮೇಡಂ? ಸಿಹಿನೋ ಹುಳಿನೋ ಮೊದಲೇ ಹೇಳಿಬಿಡಿ,” ಎಂದು ನಗಿಸಿದರು. ನಾನು ಬೋರ್ಡಿನ ಮೇಲೆ ಒಂದು ಸೈಕಲ್ ಬರೆದೆ. ಸೈಕಲ್ ಕಲಿಯುವ ಮಗುವಿಗೆ ಹತ್ತಕ್ಕೆ ನಾಲ್ಕು ಅಂಕ ಕೊಟ್ಟರೆ ನಿಮಗೆ ಏನು ತಿಳಿಯಿತು, ಹತ್ತಲು ಬಾರದೋ, ತಿರುವಿನಲ್ಲಿ ಬೀಳುತ್ತದೋ ಎಂದು ಕೇಳಿದೆ. ಈಗ ಹಾಗಲ್ಲ, ಹತ್ತುವುದು ಸಾಧಿಸಿದೆ, ತಿರುಗಿಸುವುದು ಪ್ರಯತ್ನದಲ್ಲಿದೆ, ಬ್ರೇಕ್ ಹಿಡಿಯುವುದು ಇನ್ನೂ ಕಂಡುಬಂದಿಲ್ಲ ಎಂದು ಬಿಡಿಸಿ ಬರೆಯುತ್ತೇವೆ ಎಂದೆ. ಅದೇ ಅಂಗಡಿಯವರು, “ಬ್ರೇಕ್ ಕಂಡುಬಂದಿಲ್ಲ ಅಂದ್ರೆ ಮಗು ಆಸ್ಪತ್ರೇಲಿ ಕಂಡುಬರತ್ತೆ ಬಿಡಿ,” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಂದೂಕಾಲು ಗಂಟೆ ವಿವರಿಸಿದೆ. ‘ಇನ್ನೂ’ ಎಂಬುದನ್ನು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದು, ನಿಮ್ಮ ಪತ್ರದಲ್ಲಿ ಈ ಪದ ಇಲ್ಲ, ಇದೆ ಎಂದೇ ಓದಿಕೊಳ್ಳಿ ಎಂದೆ. ಕೊನೆಗೆ ಒಬ್ಬ ತಾಯಿ ಎದ್ದು, ಅದೆಲ್ಲ ಸರಿ ಮೇಡಂ, ನಮ್ಮವನು ಪಾಸೋ ಫೇಲೋ ಅದನ್ನು ಹೇಳಿ ಎಂದರು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು ಎಂದುಕೊಂಡು ಬೋರ್ಡು ಒರೆಸಿದೆ.

ಸದರಿ ಬಾಲಕಿಯ ಮನೆಯಿಂದ ಯಾರೂ ಬಂದಿರಲಿಲ್ಲ. ತಂದೆ ಲಾರಿಯ ಜೊತೆ ಹೊರಗೆ ಹೋಗಿದ್ದರು. ತಾಯಿಗೆ ಲಾಂಡ್ರಿಯಲ್ಲಿ ಶನಿವಾರವೇ ಕೆಲಸ ಜಾಸ್ತಿ, ರಜೆ ಕೇಳಿದರೆ ಪೂರ್ತಿ ರಜೆ ಮಾಡಿಕೋ ಎನ್ನುತ್ತಾರಂತೆ.

ಬಾರದವರ ಪತ್ರಗಳನ್ನು ಸೋಮವಾರ ಸಂಜೆ ಶಾಲೆ ಬಿಡುವಾಗ ಮಕ್ಕಳ ಕೈಯಲ್ಲೇ ಕೊಟ್ಟೆ. ಅವಳ ಪತ್ರದಲ್ಲಿ ಇಪ್ಪತ್ತೆರಡು ಸಾಲು. ಓದು, ಬರಹ, ಲೆಕ್ಕ ಎಲ್ಲ ಸಾಧಿಸಿದೆ. ತರಗತಿಯ ಚರ್ಚೆಯಲ್ಲಿ ಭಾಗವಹಿಸುವುದು, ಗುಂಪು ಚಟುವಟಿಕೆ, ಬೆಳಗಿನ ಸಭೆಯಲ್ಲಿ ಸುದ್ದಿ ಓದುವುದು, ಪ್ರಶ್ನೆ ಕೇಳುವುದು, ಇಂಥ ಒಂಬತ್ತು ಸಾಲಿನ ಎದುರು ‘ಕಂಡುಬಂದಿಲ್ಲ’. ಎಲ್ಲರೂ ಹೋದ ಮೇಲೆ ಅವಳು ಮೇಜಿನ ಹತ್ತಿರ ಬಂದಳು. ಬಗ್ಗಿ ಕಿವಿ ಕೊಟ್ಟೆ. “ಮೇಡಂ, ಅಪ್ಪಂಗೆ ನೀವೇ ಹೇಳ್ತೀರಾ?” ಎಂದಳು. ಈ ವರ್ಷ ಅವಳು ನನ್ನನ್ನು ತಾನಾಗಿ ಕೇಳಿದ ಒಂದೇ ಒಂದು ಪ್ರಶ್ನೆ ಅದು. ನಾನು ಹೇಳಿದ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಳ್ಳಬೇಕೆಂದು ಕೋರುತ್ತೇನೆ: “ನೀನೇ ಹೇಳು. ಅಪ್ಪಂಗೆ ನೀನು ಬಿಡಿಸಿ ಹೇಳಿದೆ ಅಂತಾದ್ರೆ, ಮಾತಾಡೋದೂ ಕಂಡುಬಂತು ಅಂತ ನಾಳೇನೇ ಬರ್ಕೋತೀನಿ. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಅಂತ ಓದಿಲ್ವಾ?” ಅವಳು ತಲೆಯಾಡಿಸಿದಳು. ಪತ್ರವನ್ನು ಪುಸ್ತಕದ ಮಧ್ಯೆ ಮಡಿಕೆ ಬೀಳದ ಹಾಗೆ ಇಟ್ಟುಕೊಂಡು ಹೋದಳು. ಒಳ್ಳೆಯ ಪಾಠ ಮಾಡಿದೆ ಎಂದುಕೊಂಡು ನಾನೂ ಮನೆಗೆ ಹೋದೆ.

ಅಂದು ರಾತ್ರಿ ಊಟದ ಹೊತ್ತಿಗೆ ಆ ಮನೆಯಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಮರುದಿನ ತಾಯಿ ಹೇಳಿದ್ದನ್ನು ಹೇಳುತ್ತಿದ್ದೇನೆ. ನಾಲ್ಕು ದಿನದ ಮೇಲೆ ಮನೆಗೆ ಬಂದ ತಂದೆ ಪತ್ರ ಓದಿದರು. ಸರಕು ಇಳಿಸುವ ಗೋದಾಮಿನಲ್ಲಿ ಮೂಟೆ ಕಡಿಮೆ ಬಿದ್ದರೆ ರಸೀದಿಯ ಮೇಲೆ ‘ಕಂಡುಬಂದಿಲ್ಲ’ ಎಂದು ಬರೆದು ಮೊಹರು ಹಾಕುತ್ತಾರಂತೆ. ಮಾಲು ದಾರಿಯಲ್ಲೇ ಎಲ್ಲೋ ಹೋಯಿತು ಎಂದು ಅದರ ಅರ್ಥ. ಅವರು ಪತ್ರವನ್ನೂ ಹಾಗೆಯೇ ಓದಿದರು. ಚರ್ಚೆಯಲ್ಲಿ ಕಂಡುಬಂದಿಲ್ಲ, ಗುಂಪಿನಲ್ಲಿ ಕಂಡುಬಂದಿಲ್ಲ, ಬೆಳಗಿನ ಸಭೆಯಲ್ಲಿ ಕಂಡುಬಂದಿಲ್ಲ. ಬರಹ ಹೇಗೆ ಸಾಧಿಸಿದೆ ಎಂದು ತಾಯಿ ಕೇಳಿದ್ದಕ್ಕೆ, ಪರೀಕ್ಷೆಯ ದಿನ ಮಾತ್ರ ಹೋಗಿ ಬರೆದಿರುತ್ತಾಳೆ ಎಂದರು. ಮಗಳನ್ನು ಎದುರಿಗೆ ನಿಲ್ಲಿಸಿ, “ಬ್ಯಾಗ್ ಹಾಕ್ಕೊಂಡು ದಿನಾ ಎಲ್ಲಿಗೆ ಹೋಗ್ತಿದ್ದೆ? ಹೇಳು,” ಎಂದರು. ಮಗಳು ಬಾಯಿ ತೆರೆದಳು. ಹೇಳಬೇಕೆಂದು ಕುತ್ತಿಗೆಯ ನರ ಉಬ್ಬಿತ್ತು ಎಂದು ತಾಯಿ ಹೇಳಿದರು. ದನಿ ಬರಲಿಲ್ಲ. ಹೊಡೆಯಲಿಲ್ಲ, ಅದಂತೂ ಸತ್ಯ ಎಂದು ತಾಯಿ ಎರಡು ಸಲ ಹೇಳಿದರು. ನಾಳೆಯಿಂದ ಸ್ಕೂಲು ಸಾಕು, ಅಮ್ಮನ ಜೊತೆ ಲಾಂಡ್ರಿಗೆ ನಡಿ ಎಂದಷ್ಟೇ ಹೇಳಿ ತಂದೆ ಮಲಗಿದರು.

ಮಂಗಳವಾರ ಬೆಳಗ್ಗೆ ತಾಯಿ ಏಳುವಷ್ಟರಲ್ಲಿ ಹುಡುಗಿ ಸಮವಸ್ತ್ರ ಹಾಕಿಕೊಂಡು, ಬ್ಯಾಗ್ ತೆಗೆದುಕೊಂಡು ಹೋಗಿದ್ದಳು. ಪತ್ರ ಊಟದ ಮೇಜಿನ ಮೇಲೆ ಇತ್ತು.

ಹತ್ತು ಗಂಟೆಗೆ ನಾನು ಹಾಜರಿ ಕರೆದೆ. ಅವಳ ಹೆಸರು ಕರೆದಾಗ ಉತ್ತರ ಬರುವ ರೂಢಿಯೇ ಇಲ್ಲವಾದ್ದರಿಂದ, ಮೂರನೇ ಬೆಂಚಿನ ತುದಿಯನ್ನು ನೋಡಿ ಗುರುತು ಹಾಕುತ್ತೇನೆ. ಜಾಗ ಖಾಲಿ ಇತ್ತು. ಜ್ವರ ಬಂದಿರಬಹುದು ಎಂದುಕೊಂಡು ಗೈರು ಹಾಕಿದೆ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ತಾಯಿ ಬಂದರು. ಇಸ್ತ್ರಿ ಮನೆಯಿಂದ ನೇರ ಓಡಿ ಬಂದಿದ್ದರು, ತೋಳೆಲ್ಲ ಶಾಖಕ್ಕೆ ಕೆಂಪಾಗಿತ್ತು. “ಮೇಡಂ, ಇವತ್ತಾದ್ರೂ ಬಂದಿದ್ದಾಳಾ?” ಎಂದು ಕೇಳಿದರು. ಇವತ್ತಾದರೂ ಎಂದರೇನು ಎಂದು ನನಗೆ ತಿಳಿಯಲಿಲ್ಲ. ತಂದೆ ಪತ್ರವನ್ನು ಹೇಗೆ ಓದಿದರೆಂದು ಅವರು ಹೇಳಿದರು. ಹಾಜರಿ ಪುಸ್ತಕ ತಂದು ತೋರಿಸಿದೆ. ಶಾಲೆ ಶುರುವಾದಂದಿನಿಂದ ಸೋಮವಾರದವರೆಗೆ ಅವಳು ಒಂದು ದಿನವೂ ತಪ್ಪಿಸಿರಲಿಲ್ಲ. ತಪ್ಪಿದ್ದು ಆ ದಿನ ಮಾತ್ರ. ತಾಯಿ ಆ ಸಾಲಿನ ಮೇಲೆ ಬೆರಳಿಟ್ಟು ಕೊನೆಯವರೆಗೆ ಎಳೆದು, ಅಲ್ಲೇ ಮೆಟ್ಟಿಲ ಮೇಲೆ ಕುಸಿದರು. “ದಿನಾ ಬರ್ತಿದ್ಳು, ಅಲ್ವಾ? ದಿನಾ ಬರ್ತಿದ್ಳು,” ಎನ್ನುತ್ತಲೇ ಇದ್ದರು. ಅವರನ್ನು ಹಿಡಿದು ಎಬ್ಬಿಸಲೂ ನನಗೆ ಮುಖವಿರಲಿಲ್ಲ.

ಆಮೇಲೆ ತಂದೆ, ತಾಯಿ, ನಾನು ಮೂವರೂ ಹುಡುಕಿದೆವು. ಸಾರ್ವಜನಿಕ ಗ್ರಂಥಾಲಯದ ಮಕ್ಕಳ ಕೋಣೆ, ಲಾಂಡ್ರಿಯ ಹಿಂದಿನ ಬಟ್ಟೆ ಒಣಗಿಸುವ ಅಂಗಳ, ಲಾರಿ ನಿಲ್ಲುವ ಮೈದಾನ ನೋಡಿದೆವು. ಶಾಲೆಯಿಂದ ಎರಡು ಕಿಲೋಮೀಟರ್ ದೂರದ ಬಸ್ ನಿಲ್ದಾಣದಲ್ಲಿ ಟಿಕೆಟ್ ಕಿಟಕಿಯವರು ಸಮವಸ್ತ್ರದ ಹುಡುಗಿಯೊಬ್ಬಳನ್ನು ಬೆಳಗ್ಗೆ ಎಂಟೂವರೆಯ ಸುಮಾರಿಗೆ ಕಂಡದ್ದಾಗಿ ಹೇಳಿದರು. “ಎಲ್ಲಿಗಮ್ಮ ಅಂದೆ. ಬಾಯಿ ತೆಗೆದ್ಳು, ಏನೂ ಹೇಳ್ಲಿಲ್ಲ. ಹಿಂದೆ ಕ್ಯೂನಲ್ಲಿದ್ದೋರು ಬೈದ್ರು. ಪಕ್ಕಕ್ಕೆ ಸರಿದ್ಳು, ಆಮೇಲೆ ನೋಡ್ಲಿಲ್ಲ,” ಎಂದರು. ಮೂರು ಸಲ ಧ್ವನಿವರ್ಧಕದಲ್ಲಿ ಅವಳ ಹೆಸರು ಕೂಗಿಸಿದೆವು. ಎಲ್ಲಿದ್ದರೂ ವಿಚಾರಣೆ ಕಿಟಕಿಗೆ ಬಂದು ತಿಳಿಸಬೇಕು ಎಂದು. ಬಂದು ತಿಳಿಸುವ ಹುಡುಗಿಯಾಗಿದ್ದರೆ ಇದೊಂದೂ ಆಗುತ್ತಲೇ ಇರಲಿಲ್ಲ. ಕೊನೆಗೆ ನಾನು ಬಸ್ಸುಗಳ ಸಾಲಿನ ನಡುವೆ ನಿಂತು “ಇರುವೇ” ಎಂದು ಕೂಗಿದೆ. ಜನ ಕಾಲ ಕೆಳಗೆ ನೋಡಿಕೊಂಡರು. ತಾಯಿಗೆ ಆ ಹೆಸರು ಗೊತ್ತಿರಲಿಲ್ಲ. ಏನೆಂದು ಕೇಳಿದರು, ಹೇಳಿದೆ. ಆಮೇಲೆ ಅವರೂ ಹಾಗೆಯೇ ಕೂಗುತ್ತಾ ಹೋದರು. ಕತ್ತಲಾಗುವ ಮೊದಲು ತಂದೆ ಇದೇ ಠಾಣೆಗೆ ಬಂದು ದೂರು ಕೊಟ್ಟರು.

ಇಂದು ಬುಧವಾರ ಬೆಳಗ್ಗೆ ನಾನು ಬಂದಾಗ ತಂದೆ ಹೊರಗಿನ ಬೆಂಚಿನ ಮೇಲೆ ಪತ್ರ ಹಿಡಿದು ಕೂತಿದ್ದರು. ಹಿಂಬದಿ ತಿರುಗಿಸಿ, ಸಣ್ಣ ಅಕ್ಷರದ ಮೇಲೆ ಉಗುರಿಟ್ಟು ಓದುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಅವರು ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. “ಹಿಂದೆ ಬರೆದಿತ್ತು ಮೇಡಂ. ನಾನೇ ತಿರುಗಿಸಿ ನೋಡ್ಲಿಲ್ಲ,” ಎಂದರು. ಬಾಯಿ ತೆರೆದೆ, ದನಿ ಬರಲಿಲ್ಲ.

ನನಗೆ ಯಾರ ಮೇಲೂ ದೂರಿಲ್ಲ. ಗುಮಾಸ್ತರು ಕಾಲಂ ನೋಡಿದರು, ಮುಖ್ಯೋಪಾಧ್ಯಾಯರು ತಪಾಸಣೆ ನೋಡಿದರು, ತಂದೆ ಮೊಹರು ನೋಡಿದರು. ಹುಡುಗಿ ನನ್ನ ಕಿವಿಯ ಹತ್ತಿರ ಬಂದು ಸಹಾಯ ಕೇಳಿದ್ದು ನನ್ನನ್ನು. ನಾನು ಅದನ್ನೂ ಪರೀಕ್ಷೆ ಮಾಡಿ ಮನೆಗೆ ಕಳಿಸಿದೆ.

ಹುಡುಕುವ ಸಿಬ್ಬಂದಿಯವರಲ್ಲಿ ಒಂದು ವಿನಂತಿ. ದಯವಿಟ್ಟು ಹೆಸರು ಕೂಗಿ ಉತ್ತರಕ್ಕೆ ಕಾದು ಮುಂದೆ ಹೋಗಬೇಡಿ. ಅವಳು ಅಲ್ಲೇ ಇದ್ದರೂ ಓಗೊಡುವುದಿಲ್ಲ. ಗೋಡೆಗಳ ಬುಡ, ಮೂಲೆ, ಬೆಂಚಿನ ತುದಿ, ಇವನ್ನು ಕಣ್ಣಿಟ್ಟು ನೋಡಬೇಕು.

ಬರೆದುಕೊಂಡದ್ದನ್ನು ಪೇದೆಯವರು ಓದಿ ಹೇಳಿದರು. ‘ಎಲ್ಲಾ ಕಡೆ ಹುಡುಕಲಾಗಿ ಸದರಿ ಬಾಲಕಿ ಕಂಡುಬಂದಿಲ್ಲ’ ಎಂದು ಅವರು ತಾವಾಗಿ ಸೇರಿಸಿದ ಸಾಲಿನಲ್ಲಿ ತಡೆದು, ‘ಇನ್ನೂ’ ಎಂದು ಹಾಕಬೇಕೆಂದು ಕೇಳಿಕೊಂಡೆ. ಅರ್ಥ ಏನೂ ಬದಲಾಗುವುದಿಲ್ಲ, ಸಾಲಿನಲ್ಲಿ ಜಾಗವೂ ಇಲ್ಲ ಎಂದರು. ಬದಲಾಗುತ್ತದೆ ಎಂದೆ. ಆ ಪದದ ಮೇಲೆ ನನಗೇ ಈಗ ಮೊದಲಿನ ನಂಬಿಕೆ ಉಳಿದಿಲ್ಲ. ಆದರೂ ಅದಿಲ್ಲದೆ ಸಹಿ ಹಾಕಲಾರೆ ಎಂದು ಪೆನ್ನು ಕೆಳಗಿಟ್ಟೆ. ಅವರು ಹಾಳೆಯನ್ನು ನನ್ನ ಕಡೆ ತಿರುಗಿಸಿದರು.

ಮೇಲಿನದೆಲ್ಲ ನಾನು ಹೇಳಿದ ಹಾಗೆಯೇ ಇದೆ, ಓದಿಸಿ ಕೇಳಿದ್ದೇನೆ, ನನಗೆ ತಿಳಿದಮಟ್ಟಿಗೆ ನಿಜ. ಸಾಲಿನ ಮೇಲೆ ಬಾಣದ ಗುರುತಿಟ್ಟು ಸೇರಿಸಿ, ಪಕ್ಕದಲ್ಲಿ ಸಹಿ ಮಾಡಿರುವ ಒಂದು ಪದ ಮಾತ್ರ ನನ್ನ ಕೈಬರಹ.

ಸ್ಥಳ: ಠಾಣೆಯ ಬರಹದ ಕೋಣೆ
ದಿನ: ಬುಧವಾರ, ಮಧ್ಯಾಹ್ನ ಹನ್ನೆರಡೂ ಹತ್ತು
ಸಹಿ: ತರಗತಿ ಶಿಕ್ಷಕಿ, ಏಳನೇ ‘ಬಿ’