ಸದ್ದು ನಿಂತ ಬಲಗೈ

...ಅಲ್ಲ ಅಂದ್ರೆ ಅಲ್ಲ! ಆ ಹೊಸ ಸಿಸ್ಟರ್‌ದೇ ತಪ್ಪು. ಡಯಾಲಿಸಿಸ್ ಮುಗಿದು ಸೂಜಿ ತೆಗೆದ ಮೇಲೆ ಅಷ್ಟು ಬಿಗಿಯಾಗಿ ಪಟ್ಟಿ ಸುತ್ತೋದಾ? ಅದೇನು ಕೈಯಾ, ಮೂಟೆಯಾ? ಯಾಕ್ರೀ ತಲೆ ಅಲ್ಲಾಡಿಸ್ತೀರಿ? ಕೈ ಬದಲು ಕುತ್ತಿಗೆಗೆ ಹಾಕಿರೋ ಟ್ಯೂಬು ಎಳೆಯುತ್ತೆ, ಸುಮ್ಮನಿರಿ.

ಸರಿ, ಪಟ್ಟಿ ಅಲ್ಲ. ಹಾಗಾದ್ರೆ ಬಿಪಿ ಇಳಿದು ರಕ್ತ ಹೆಪ್ಪುಗಟ್ಟಿರಬೇಕು. ಈ ಮಿಷಿನ್ನಿನವರು ನೀರು ಜಾಸ್ತಿ ತೆಗೆದುಬಿಟ್ಟರು... ನಗಿ, ನಗಿ. ಬಿ.ಎಸ್ಸಿ. ಮಾಡಿದ ಅರ್ಧ ಡಾಕ್ಟರು ಅಂತ ಹಂಗಿಸೋರು ನೀವೇ ತಾನೇ?

ಎಂಥ ಕೈ ರೀ ಅದು! ಉಳಿದವರಿಗೆಲ್ಲ ಡಯಾಲಿಸಿಸ್ ಸೂಜಿ ಚುಚ್ಚೋ ಫಿಸ್ಟುಲಾ ಎಡಗೈಯಲ್ಲಿ. ನಿಮ್ಮನ್ನ ಮಾತ್ರ ಡಾಕ್ಟರು ಕೂರಿಸಿಕೊಂಡು, ಬ್ರಷ್ ಹಿಡಿಯೋದು ಯಾವ ಕೈಲಿ ಅಂತ ಕೇಳಿದರು. ಎಡಚ ಅಂದಿರಿ. ಬೋರ್ಡು ಬರೆಯೋ ಕೈ ಉಳಿಯಲಿ ಅಂತ ಬಲಗೈಯ ರಕ್ತನಾಳ ಕೂಡಿಸಿದರು. ಅಲ್ಲಿ ರಕ್ತ ಓಡೋದು ಬೆಕ್ಕಿನ ಮರಿ ಹಾಗೆ ಗುರುಗುಟ್ಟುತ್ತಿತ್ತು. ಎದ್ದ ಕೂಡಲೇ ಬೆರಳಿಟ್ಟು, 'ಓಡ್ತಾ ಇದೆ ಕಣೇ' ಅನ್ನೋರು. ನಿನ್ನೆ ಬೆರಳಿಟ್ಟರೆ ಸದ್ದೇ ಇಲ್ಲ...

ನಾಳೆ ಹೆಪ್ಪು ತೆಗೆದು ರಕ್ತನಾಳ ತೆರೆಯೋಕೆ ನೋಡ್ತಾರಂತೆ. ಆಗದಿದ್ರೆ ಎಡಗೈಗೇ ಅಂತೆ. ಬ್ರಷ್ಷು ಕಾಲಲ್ಲಿ ಹಿಡಿದರಾಯ್ತು ಅಂದಿರಿ ನೀವು. ಡಾಕ್ಟರು ನಕ್ಕರು. ನನಗೆ ಮಾತ್ರ...

ನನ್ನಿಂದ ಏನು ಕಮ್ಮಿಯಾಗಿತ್ತು ಹೇಳಿ? ಮದುವೆಯಾದಾಗಿನಿಂದ ನಿಮ್ಮ ಬಲಕ್ಕೆ ಮಲಗಿದವಳು, ಆಪರೇಷನ್ ಆದ ದಿನವೇ ಎಡಕ್ಕೆ ಬಂದೆ. ಹ್ಞೂಂ ಅನ್ರೀ! ಮಂಚದಲ್ಲಿ ಒಂದು ದಿನವಾದ್ರೂ ತಪ್ಪಿದ್ದೀನಾ? ಸೋಫಾದಲ್ಲಿ ಹಾಗಲ್ಲ, ಅಲ್ಲಿ ಹಳೇ ಅಭ್ಯಾಸ...

ಸೋಫಾನಾ? ಯಾರು ಸೋಫಾ ಅಂದರು? ಏನೋ ಬಾಯಿಗೆ ಬಂತು.

ಕೈ ಮೇಲೆ ಭಾರ ಬಿತ್ತಾ ಅಂತ ಡಾಕ್ಟರು ಕೇಳಿದಾಗ, 'ನಾನೇ ಆ ಮಗ್ಗುಲಿಗೆ ಮಲಗಿದ್ದೆ' ಅಂತ ಯಾಕ್ರೀ ಅಂದಿರಿ? ಸ್ಕೂಲು ಹುಡುಗನ ಹಾಗೆ ಬೈಸಿಕೊಂಡಿರಿ. ನೀವು ಆ ಮಗ್ಗುಲಿಗೆ ಹೊರಳೋರೇ ಅಲ್ಲ! ಆ ಕೈಗೆ ಬೇರೆ ದಿಂಬು, ಬೇರೆ ಹೊದಿಕೆ. ಮನೆಯಲ್ಲಿ ನನಗಿಂತ ಅದಕ್ಕೇ ಮರ್ಯಾದೆ.

ಯಾಕೆ ಹಾಗೆ ನೋಡ್ತೀರಿ?

ಭಾನುವಾರ ಮಧ್ಯಾಹ್ನ ಸೋಫಾದಲ್ಲಿ ನಿಮಗೆ ನಿದ್ದೆ ಬಂದಿತ್ತು ತಾನೇ? ನಾನು ತಲೆ ಎತ್ತಿದಾಗ ಕಣ್ಣು ಮುಚ್ಚಿತ್ತಲ್ಲ. ನನ್ನ ಕೆನ್ನೆ ಮೇಲೆ ನಿಮ್ಮ ಬಲಗೈಯ ಅಂಗಿತೋಳಿನ ಮಡಿಕೆ ಒತ್ತಿತ್ತು... ಓಡಿಹೋಗಿ ಮುಖ ತೊಳೆದೆ. ಬಟ್ಟೆ ಒಣಗಿಸ್ತಿದ್ದೆ ಅಂದೆ. ಸದ್ಯ, ಗೊತ್ತಾಗಲಿಲ್ಲ ಅಂದುಕೊಂಡೆ.

ರೀ... ನಿದ್ದೆ ಬಂದಿತ್ತು ಅನ್ರೀ.

ಒಂದು ಸಲ ತಳ್ಳಬಾರದಿತ್ತಾ? 'ಏಳೇ ಕತ್ತೆ' ಅನ್ನಬಾರದಿತ್ತಾ? ಕಾಯಿಲೆ ಬಂದ ಮೇಲೆ ಇವಳು ಒರಗಿದ್ದು ಇವತ್ತೇ, ಮಲಗಲಿ ಅಂತ... ಅದಕ್ಕಾ ಅಲುಗದೆ ಕೂತಿದ್ದು?

ಎಷ್ಟು ಹೊತ್ತು ಎಚ್ಚರ ಇದ್ದಿರಿ?

...ಪೂರ್ತಿನಾ?